ಶಿಲ್ಪಾಳ ಮದುವೆ ಕಾರ್ಡು

ಚಳ್ಳಕೆರೆ
12-5-2005

ಪ್ರೀತಿಯ ಗಂಗಾಂಬಿಕಾ ಅಕ್ಕನಿಗೆ, ತಮ್ಮನೆಂದು ಹೇಳಿಕೊಳ್ಳಲು ಈಗ ಬಾಯಿ ಬಾರದ ಕೃಷ್ಣಮೂರ್ತಿಯ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ. ಬಳ್ಳಾರಿಯಲ್ಲಿ ಭಾವನವರೂ ಮಕ್ಕಳೂ ಚೆನ್ನಾಗಿದ್ದಾರೆಂದು ನಂಬಿದ್ದೇನೆ. ಈ ಕಾಗದವನ್ನು ಮದುವೆಗೆ ಮೊದಲೇ ಬರೆಯಬೇಕಿತ್ತು. ಕೂತೆ, ಎದ್ದೆ, ಬರೆದ ಹಾಳೆ ಹರಿದೆ. ತಡವಾಯಿತು, ಮನ್ನಿಸು.

ನಿಮ್ಮಣ್ಣ ಚಂದ್ರಶೇಖರಣ್ಣನ ಮಗಳು ಶಿಲ್ಪಾಳ ಮದುವೆ ಕಾರ್ಡು ನಿನಗೆ ಅಂಚೆಯಲ್ಲಿ ಬಂದದ್ದು, ಅದರಲ್ಲಿ ನಿಮ್ಮ ಅಪ್ಪ, ನಾನು ದೊಡ್ಡಪ್ಪ ಎನ್ನುವ ಜಂಬುಲಿಂಗಪ್ಪನವರ ಹೆಸರಿಗೆ ಲಿಂಗೈಕ್ಯರಾದವರಿಗೆ ಹಾಕುವ ‘ಲಿಂ.’ ಅಚ್ಚಾಗಿದ್ದದ್ದು, “ನಂಗೊಂದ್ ಮಾತು ಹೇಳ್ದಂಗೆ ಮಣ್ಣು ಮಾಡಿದ್ರಾ” ಎಂದು ನೀನು ಅಳುತ್ತ ಬಸ್ಸು ಹತ್ತಿ ತವರು ತಳಕಿಗೆ ಬಂದದ್ದು, ಅಂಗಳದಲ್ಲಿ ಅವರು ಶೇಂಗಾ ಸುಲಿಯುತ್ತ ಕೂತಿದ್ದದ್ದು, ಎಲ್ಲವನ್ನೂ ದೊಡ್ಡಪ್ಪನ ಬಾಯಿಂದಲೇ ಕೇಳಿದೆ. ಅವರೇನೋ ನಗುನಗುತ್ತ ಹೇಳಿದರು. ನನಗೆ ಅವತ್ತಿನಿಂದ ಅನ್ನ ಸೇರುತ್ತಿಲ್ಲ.

ಹೇಗಾಯಿತೆಂದು ನೀನು ಕೇಳಬಹುದು. ಕಾರ್ಡು ಅಚ್ಚು ಹಾಕುವ ನನ್ನ ಅಂಗಡಿಯ ಕಂಪ್ಯೂಟರ್ ಹಳೆಯದಾದರೂ ಹೇಳಿದ ಮಾತು ಕೇಳುತ್ತಿತ್ತು. ರಿಪೇರಿ ಮಾಡುವ ದೊಡ್ಡಪಾಲಯ್ಯ ಬೆನ್ನು ಬಿದ್ದ. “ಅಣ್ಣಾ, ಈ ಸಿಸ್ಟಂ ಕಾಲ ಮುಗೀತು. ವೈರಸ್ ಬಂದ್ರೆ ನಾನು ಮುಟ್ಟಲ್ಲ. ಹೊಸಾದು ಹಾಕ್ತೀನಿ, ಸುಮ್ನಿರು.” ಬೇಡವೆಂದೆ. ಅಷ್ಟರಲ್ಲಿ ಪ್ರಿಂಟರ್ ಕೆಟ್ಟಿತು. ಹೊಸ ಪ್ರಿಂಟರ್ ಹಳೆಯ ಸಿಸ್ಟಂಗೆ ಹೊಂದುವುದಿಲ್ಲವಂತೆ! ಅಲ್ಲಿಗೆ ಸಿಕ್ಕಿಬಿದ್ದೆ. ಹೊಸದು ಹಾಕಿದ. ಪರದೆಯ ಮೇಲೆ ಚೆಂದದ ಚಿತ್ರ ಬಂತು, ಕನ್ನಡ ಬರಲಿಲ್ಲ. ಇಷ್ಟು ವರ್ಷ ಮಾಡಿಟ್ಟ ಕಾರ್ಡುಗಳನ್ನು ತೆರೆದರೆ ಬರೀ ಚೌಕಗಳು. “ಹಳೇದನ್ನೇ ಹಾಕೋ” ಎಂದರೆ, “ಹೋಗಿದ್ದು ಹೋಯ್ತಣ್ಣ, ಹೊಸಾದು ಕಲ್ತ್ಕ” ಎಂದ. ಚೆನ್ನಾಗಿ ನಡೆಯುತ್ತಿದ್ದದ್ದನ್ನು ಕಿತ್ತುಕೊಂಡು, ಮೇಲಿಂದ ನನ್ನನ್ನೇ ದಡ್ಡನನ್ನಾಗಿ ಮಾಡಿದ. ಅದೂ ಮದುವೆ ಸೀಸನ್ನಿನಲ್ಲಿ.

ಅದೇ ಹೊತ್ತಿಗೆ ಚಂದ್ರಶೇಖರಣ್ಣ ಬಂದು, “ಹಿರೇರ ಹೆಸ್ರು ದೊಡ್ಡ ಮಗಳ ಕಾರ್ಡ್‌ನಾಗೆ ಇದ್ದಂಗೇ ಹಾಕು ಲೇ, ನಿನ್ನತ್ರ ಐತಲ್ಲ” ಎಂದು ಹೇಳಿ ಹೋದರು. ಆ ಕಾರ್ಡು ಸರಿಯಾಗಿ ತೆರೆದುಕೊಳ್ಳಲೇ ಇಲ್ಲ. ನೆನಪಿನಿಂದ ಟೈಪ್ ಮಾಡಿದೆ. ತೀರಿಕೊಂಡ ನಿಮ್ಮ ಅವ್ವನ ಹೆಸರಿಗಿದ್ದ ‘ಲಿಂ.’ ದೊಡ್ಡಪ್ಪನ ಹೆಸರಿಗೂ ಬಂತು. ಪ್ರೂಫ್ ನೋಡಿದ ಅಣ್ಣ ಮುಹೂರ್ತ, ಛತ್ರದ ಹೆಸರು ನೋಡಿ ಸರಿ ಎಂದರು. ದೂರದೂರಿನ ಕಾರ್ಡುಗಳನ್ನು ನಾನೇ ಅಂಚೆಗೆ ಹಾಕಿದೆ. ನಿನ್ನದನ್ನೂ.

ನೀನು ತಳಕಿಗೆ ಬಂದ ಮರುದಿನ ದೊಡ್ಡಪ್ಪ ನೇರ ಅಂಗಡಿಗೆ ಬಂದರು. ಬಾಗಿಲಲ್ಲಿ ಅವರನ್ನು ಕಂಡು ಕುರ್ಚಿ ಬಿಟ್ಟೆದ್ದು ಹಿಂದೆ ಸರಿದೆ. ಕಾರ್ಡು ತೋರಿಸಿ ಬೆನ್ನು ಸವರಿದರು. “ಹೆದರ್ಬ್ಯಾಡ ಲೇ ಕಿಟ್ಟಾ. ಮಿಷನ್ನು ಮಾಡಿದ್ದಕ್ಕೆ ನೀನೇನು ಮಾಡ್ತೀಯ? ಉಳಿದ ಕಾರ್ಡಿಗೆ ಚೀಟಿ ಅಂಟ್ಸು.” ಮದುವೆಯಲ್ಲಿ ನೆಂಟರು ನನ್ನನ್ನು ಬೈಯಲು ಬಂದಾಗಲೂ “ಇವಂದೇನಿಲ್ಲ, ಆ ಹೊಸ ಕಂಪ್ಯೂಟ್ರುದು” ಎಂದು ಅಡ್ಡ ನಿಂತರು. ನೀನು ಮಾತ್ರ ನನ್ನ ಕಡೆ ತಿರುಗಿ ನೋಡಲಿಲ್ಲ. ಕುರಿ ಕಾಯುವವನ ಮಗನಾದ ನನ್ನನ್ನು ಮನೆಯಲ್ಲಿಟ್ಟುಕೊಂಡು ಓದಿಸಿದವರು ನೀವು. ಅಕ್ಕಾ, ಬೈದಾದರೂ ಒಂದು ಸಾಲು ಬರೆ.

ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನಿನ್ನ ಮನೆ ತಣ್ಣಗಿರಲಿ.

ನಿನ್ನ
ಕಿಟ್ಟ

ತಾ.ಕ.: ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ದೊಡ್ಡಪ್ಪನ ಹೆಸರಿಗೆ ‘ಲಿಂ.’ ತಾನಾಗಿ ಬರಲಿಲ್ಲ. ನಾನೇ, ತಿಳಿದೇ ಟೈಪ್ ಮಾಡಿದೆ. ಹೋದ ವರ್ಷ ಅವರನ್ನು ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದ್ದಾರೆ, ಉಳಿಯುವುದು ಕಷ್ಟ ಎಂದು ಯಾರೋ ಹೇಳಿದ್ದರು. ನಾಳೆ ಹೋದರಾಯಿತು ಎನ್ನುತ್ತ ಹೋಗಲೇ ಇಲ್ಲ. ಆಮೇಲೆ ವಿಚಾರಿಸಲು ಮುಖವಿರಲಿಲ್ಲ. ಹೋಗಿಯೇಬಿಟ್ಟರು ಎಂದುಕೊಂಡೆ. ಕಾರ್ಡು ಹಾಕಿಸಲು ಬಂದ ಅಣ್ಣನನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದರೆ, ಮಣ್ಣಿಗೂ ಬರಲಿಲ್ಲವಲ್ಲೋ ಎಂದಾರೆಂದು ಸುಮ್ಮನಾದೆ. ಹಳೆಯ ಕಾರ್ಡು ತೆರೆದುಕೊಂಡಿದ್ದರೂ ನಾನು ‘ಲಿಂ.’ ಸೇರಿಸಿಯೇ ಅಚ್ಚು ಹಾಕುತ್ತಿದ್ದೆ ಅಕ್ಕಾ. ದೊಡ್ಡಪ್ಪನಿಗೆ ನೀನು ಹೇಳಬೇಡ. ಭಾನುವಾರ ತಳಕಿಗೆ ಹೋಗಿ ನಾನೇ ಹೇಳುತ್ತೇನೆ. ಹೇಳುವುದಕ್ಕೆ ಅವರಿದ್ದಾರಲ್ಲ.