ಹಾಲು ಬತ್ತಿಸುವ ಕಿಣ್ವ

ಮಾರ್ಚ್ ೧೪, ರಾತ್ರಿ

ಮಗಳು ಇವತ್ತು ಒಂದು ಸಲವೂ ಅಳಲಿಲ್ಲವಂತೆ. ಅಮ್ಮ ಫೋನಿನಲ್ಲಿ ಖುಷಿಯಿಂದ ಹೇಳಿದಳು, ನನಗೆ ಖುಷಿಯಾಗಲಿಲ್ಲ. ಲ್ಯಾಬಿನ ಕೆಲಸ ನಿಲ್ಲಬಾರದು ಅಂತ ಹಾಲು ಬಿಡಿಸಿ, ಮೊನ್ನೆ ತಾನೇ ಅವಳನ್ನು ಅಮ್ಮನ ಮನೆಯಲ್ಲಿ ಬಿಟ್ಟು ಬಂದವಳು ನಾನೇ.

ಮಧ್ಯಾಹ್ನ, ಮರಿಗಳಿಂದ ಬೇರೆ ಮಾಡಿದ ತಾಯಿ ಇಲಿಯ ಸ್ಲೈಡ್ ನೋಡಿದೆ. ಹಾಲು ತಯಾರಿಸುವ ಜೀವಕೋಶಗಳಲ್ಲಿ ಕ್ಯಾಸ್ಪೇಸ್ ಕಿಣ್ವ ಕೆಲಸ ಶುರುಮಾಡಿತ್ತು. ಅದು ಕೋಶವನ್ನು ಒಳಗಿನಿಂದಲೇ ಕತ್ತರಿಸಿ ಸಾಯಿಸುತ್ತದೆ. ಆಮೇಲೆ ಹಾಲಿಲ್ಲ.

"ಮರಿಗಳನ್ನ ವಾಪಸ್ ಬಿಟ್ರೆ?" ಅಂತ ಗೈಡ್ ಮೇಡಂ ಹತ್ತಿರ ಕೇಳಿದೆ.

"ಬೇಗ ಬಿಟ್ರೆ ಕೋಶ ಸಾಯೋದು ನಿಲ್ಲುತ್ತೆ, ಹಾಲೂ ಬರುತ್ತೆ. ತಡವಾದ್ರೆ ಇಲ್ಲ." ಆಮೇಲೆ ನನ್ನ ಮುಖ ನೋಡಿದರು. "ಇಲಿ ವಿಷಯ ತಾನೇ ಕೇಳ್ತಿರೋದು?"

ನಗೋಕೆ ಹೋಗಿ ಅತ್ತುಬಿಟ್ಟೆ.

"ರಜ ಹಾಕಿ ಹೋಗಮ್ಮ," ಅಂದರು.

ಈಗ ಮತ್ತೆ ಅಮ್ಮನಿಗೆ ಫೋನ್ ಮಾಡಿದ್ದೆ. ಪಕ್ಕದಲ್ಲಿ ಮಗಳು ನಿದ್ದೆಗಣ್ಣಲ್ಲಿ ಕುಂಯ್ ಅಂದಳು. ಅಷ್ಟಕ್ಕೇ ನನ್ನ ರವಿಕೆಯೆಲ್ಲ ಒದ್ದೆ.

"ಬೆಳಿಗ್ಗೆ ಬರ್ತೀನಮ್ಮ."

"ಕಷ್ಟಪಟ್ಟು ಬಿಡಿಸಿದೀವಿ, ಮತ್ತೆ ಅಂಟಿಸ್ಬೇಡ ಕಣೇ!"

ಅಂಟಿಸೋಕೇ ಬರ್ತಿರೋದು ಅಂತ ಹೇಳಲಿಲ್ಲ. ಎದೆ ಕಲ್ಲಿನ ಹಾಗೆ ಬಿಗಿದಿದೆ, ನಿದ್ದೆ ಹತ್ತುತ್ತಿಲ್ಲ. ಬೇಗ ಬೆಳಕು ಹರಿಯಬಾರದೇ.