ದಿಬ್ಬದಿಂದ ಕಂಡ ಲಾಟೀನು

೧೪ ನವೆಂಬರ್ ೧೯೭೫, ಶುಕ್ರವಾರ. ಬೇಗೂರು.

ಸಿದ್ದನ ಮುಂಗೈ ಮುರಿದಿದೆ. ನಿನ್ನೆ ಕತ್ತಲಲ್ಲಿ ಅವನ ಹರಿಗೋಲು, ಹಿನ್ನೀರಿನಲ್ಲಿ ನಾನು ಲಂಗರು ಹಾಕಿಸಿದ್ದ ದೋಣಿಗೆ ಬಡಿಯಿತು. ನಿಂತ ದೋಣಿಯ ಬಿಳಿ ದೀಪ ಸುತ್ತಲೂ ಕಾಣಬೇಕೆಂಬ ಕಾನೂನು ನನಗೆ ಗೊತ್ತು. ಎತ್ತರದ ಗಳಕ್ಕೆ ಕಟ್ಟಿದರೆ ಗಾಳಿಗೆ ಆರುತ್ತದೆಂದು ಲಾಟೀನನ್ನು ದೋಣಿಯೊಳಗೇ ಇಡಿಸಿದ್ದೆ. ದಿಬ್ಬದ ಮೇಲೆ ನಿಂತು ನೋಡಿದಾಗ ಚೆನ್ನಾಗಿಯೇ ಕಂಡಿತ್ತು. ಹರಿಗೋಲಿನವನು ನೀರಿನ ಮಟ್ಟದಲ್ಲಿ ಕುಕ್ಕರಗಾಲಲ್ಲಿ ಕೂತು ಹುಟ್ಟು ಹಾಕುತ್ತಾನೆ. ಅವನಿಗೆ ಕಂಡದ್ದು ದೋಣಿಯ ಕಪ್ಪು ಪಕ್ಕ ಮಾತ್ರ. ಇಷ್ಟು ಹೊಳೆಯಲಿಲ್ಲವಲ್ಲ ನನಗೆ, ಥೂ.

ಸಂಜೆ ಕಾಡಂಚಿನ ಹಾಡಿಯಲ್ಲಿದ್ದ ಅವನ ಗುಡಿಸಲಿಗೆ ಹೋದೆ. ನನ್ನನ್ನು ಕಂಡು ಎದ್ದು ನಿಂತ.

"ತಪ್ಪು ನಂದೇ ಸಾಮಿ. ದೀಪ ಇದ್ರೂವೆ ನನ್ ಕಣ್ಗೆ ಕಾಣ್ನಿಲ್ಲ" ಅಂದ.

"ಇರ್ಲಿ ಬುಡು" ಅಂದುಬಿಟ್ಟೆ. ಕ್ಷಮಿಸಿದವನ ಹಾಗೆ.