ಅಂಗಿ ಎಸೆದ ಅಪ್ಪನಿಗೆ

ಅಪ್ಪಾ,

ನನ್ನನ್ನು ಸೋಲಿಸಿದ ಆ ಹೆವಿವೇಟ್ ಚಾಂಪಿಯನ್ ಇವತ್ತು ನಮ್ಮ ಬಾಕ್ಸಿಂಗ್ ಶಾಲೆಗೆ ಬಂದಿದ್ದ. ಆಗ ನನಗಿಂತ ಮೂವತ್ತು ಕಿಲೋ ಹೆಚ್ಚಿದ್ದವನು ಈಗ ಗೋಡೆ ಹಿಡಿದು ಮೆಟ್ಟಿಲು ಹತ್ತುತ್ತಾನೆ. "ಸಣ್ಣ ಆಳು ಯಾರಾದ್ರೂ ನಿಮ್ಮನ್ನ ಸೋಲಿಸಬಹುದಿತ್ತಾ?" ಎಂದು ನನ್ನ ಶಿಷ್ಯೆಯೊಬ್ಬಳು ಕೇಳಿದಳು. ಅವನು ನನ್ನತ್ತ ಬೆರಳು ತೋರಿಸಿದ.

"ಇವನು ಸೋಲಿಸ್ತಿದ್ದ. ಐದನೇ ಸುತ್ತಲ್ಲಿ ನನ್ನ ಪಕ್ಕೆಲುಬು ಮುರಿದುಬಿಟ್ಟಿದ್ದ. ಸುತ್ತು ಮುಗಿದು ಮೂಲೇಲಿ ಕೂತು, ಇನ್ನು ಏಳಲ್ಲ ಅಂತ ನಮ್ಮವರಿಗೆ ಹೇಳ್ತಾ ಇದ್ದೆ, ಅಷ್ಟರಲ್ಲಿ ಇವರಪ್ಪನ ಅಂಗಿ ಬಂದು ಬಿತ್ತು."

ಕೇಳಿಸಿತೇ? ಇನ್ನೊಂದು ನಿಮಿಷ ಸುಮ್ಮನಿದ್ದಿದ್ದರೆ ಗೆಲುವು ನಮ್ಮದು! ಮರ ಎಷ್ಟೇ ದೊಡ್ಡದಿರಲಿ, ಕೊಡಲಿ ಬುಡಕ್ಕೇ ಹಾಕು ಎಂದು ಕಲಿಸಿದವನು ನೀನೇ. ಸೋಲೊಪ್ಪಿಕೊಂಡು ಎಸೆಯುವ ಟವೆಲ್ಲನ್ನು ಮನೆಯಲ್ಲೇ ಬಿಟ್ಟು ಬರುತ್ತೇನೆಂದು ಮಾತು ಕೊಟ್ಟವನೂ ನೀನೇ. ಬಿಟ್ಟೇ ಬಂದೆ. ಆಮೇಲೆ ಮೈಮೇಲಿನ ಅಂಗಿಯನ್ನೇ ಕಿತ್ತು ಎಸೆದೆ. ಇದಕ್ಕಿಂತ ಮೋಸ ಉಂಟೇ?

ಆ ದಿನವೇ ನಿನ್ನೊಡನೆ ಮಾತು ಬಿಟ್ಟೆ. ತಪ್ಪು ನಿನ್ನದೇ ಎಂಬುದಕ್ಕೆ ಇವತ್ತು ಸಾಕ್ಷಿಯೂ ಸಿಕ್ಕಿತು. ಆದರೆ ಹೊರಡುವಾಗ ಆ ಮನುಷ್ಯ ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದ.

"ಎಡಗಣ್ಣು ಕಾಣುತ್ತೇನೋ? ಅವತ್ತು ಅದಕ್ಕೇ ಹೊಡೀತಿದ್ದೆ. ಪೂರ್ತಿ ಮುಚ್ಚಿಹೋಗಿತ್ತು."

"ಕಾಣುತ್ತೆ" ಎಂದೆ.

ಚೆನ್ನಾಗಿಯೇ ಕಾಣುತ್ತದೆ, ಸೂಜಿಗೆ ದಾರ ಪೋಣಿಸುವಷ್ಟು. ಸಂಜೆ ಪೆಟ್ಟಿಗೆಯಿಂದ ನಿನ್ನ ಆ ಅಂಗಿ ತೆಗೆದು, ಕೂತು ಹೊಲಿದೆ. ಒಂದಲ್ಲ ಎರಡಲ್ಲ, ಐದೂ ಗುಂಡಿ ಕಿತ್ತುಹೋಗಿದ್ದವು. ಬಿಚ್ಚಿಕೊಳ್ಳುವಷ್ಟೂ ತಾಳ್ಮೆ ಇರಲಿಲ್ಲವೇನಪ್ಪಾ ನಿನಗೆ?